ದನದ ಡಾಕ್ಟರು ಪಾಸು ಮಾಡಿದ ಮನುಷ್ಯ

ರಾಯದುರ್ಗದ ರೈಲು ಸ್ಟೇಷನ್ನಿನಲ್ಲಿ ಆ ದಿನ ನಾನು ಇದ್ದೆನೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಕಣ್ಣು ಮುಚ್ಚಿದರೆ ಎಲ್ಲವೂ ಕಾಣುತ್ತದೆ. ಸರಕಿನ ಡಬ್ಬಿಗೆ ಒರಗಿಸಿದ ಹಲಗೆ, ಆ ಹಲಗೆಯ ಮೇಲೆ ಮುಂಗಾಲಿಟ್ಟು ಹಿಂದಕ್ಕೆ ಜಗ್ಗುತ್ತಿರುವ ಎತ್ತು, ಬೆವರಿಗೆ ಬಣ್ಣ ಬಿಟ್ಟ ದೊರೆಯ ಟೋಪಿ. ಆದರೆ ಅದು ಶಾಲೆ ನಡೆಯುವ ದಿನ. ನಾನು ಚಳ್ಳಕೆರೆಯಲ್ಲಿ ಹುಡುಗರಿಗೆ ಭೂಗೋಳ ಹೇಳುತ್ತಿದ್ದಿರಬೇಕು. ರಜೆ ಕೇಳಿದ ನೆನಪಿಲ್ಲ, ಗಾಡಿ ಕಟ್ಟಿಸಿದ ನೆನಪಿಲ್ಲ. ಹಾಗಾದರೆ ಆ ಟೋಪಿಯನ್ನು ಕಂಡದ್ದು ಯಾರ ಕಣ್ಣು? ಆ ಎತ್ತನ್ನು ಸಾಕಿದಾತ ಆ ಕತೆಯನ್ನು ಎಷ್ಟು ಸಲ ಹೇಳಿದ್ದಾನೆಂದರೆ ಆತನ ನೆನಪು ಸದ್ದಿಲ್ಲದೆ ನನ್ನದರೊಳಗೆ ಬಂದು ಕೂತಿರಬಹುದು. ಓದಿದ್ದು ತರ್ಕಶಾಸ್ತ್ರ. ಸಾಕ್ಷಿ ಇಲ್ಲದ್ದನ್ನು ನಂಬಬೇಡ ಎಂದು ಮದರಾಸಿನಲ್ಲಿ ಕಲಿತು ಬಂದವನು ನಾನು. ನನ್ನ ನೆನಪನ್ನೇ ಸಾಕ್ಷಿಗೆ ಕರೆದರೆ ಅದು ಹೀಗೆ ಬೇರೆಯವರ ಮಾತು ಹೇಳುತ್ತದೆ.

ಹೋದ ತಿಂಗಳು ಆತ ತೀರಿಕೊಂಡ ಸುದ್ದಿ ಬಂತು. ದನ ಬಿಡುವ ಹೊತ್ತಿನಲ್ಲಿ, ಎತ್ತು ಕೂಡುವ ರೊಪ್ಪದ ಬಾಗಿಲಿಗೆ ಒರಗಿ ಕೂತವನು ಏಳಲಿಲ್ಲವಂತೆ. ಎತ್ತುಗಳು ಆತನನ್ನು ದಾಟಿ ಹೋಗದೆ ಬಾಗಿಲಲ್ಲೇ ನಿಂತಿದ್ದವಂತೆ. ಈ ಎರಡನೆಯ 'ಅಂತೆ'ಯನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಆತ ನಮ್ಮ ಮನೆಗೆ ಬಂದರೆ ಮೊದಲು ಮಾಡುತ್ತಿದ್ದ ಕೆಲಸ, ಹಾಸಿದ ಚಾಪೆಯ ಮೂಲೆಯನ್ನು ಕೈಕೋಲಿನ ತುದಿಯಿಂದ ಎತ್ತಿ ನೋಡುವುದು. ನಮ್ಮ ಸೀಮೆಯಲ್ಲಿ ಚಾಪೆ ಎಂದರೆ ಈಚಲ ಗರಿಯದು, ಪೊರಕೆ ಎಂದರೆ ಈಚಲ ಪೊರಕೆ. ಆತ ದನ ಕಾಯುವ ಮ್ಯಾಸರ ಕುಲದವನು, ನನ್ನಿವಾಳದ ಆಚೆಗಿನ ಒಂದು ಹಟ್ಟಿಯವನು. ಅವರಲ್ಲಿ ಈಚಲನ್ನು ಮುಟ್ಟುವಂತಿಲ್ಲ. ಮರವಿರಲಿ, ಅದರ ಗರಿ, ನಾರು, ಹಣ್ಣು, ಯಾವುದನ್ನೂ ಮುಟ್ಟುವಂತಿಲ್ಲ. ಚಾಪೆ ನೋಡಿ ಸುಮ್ಮನೆ ನೆಲಕ್ಕೆ ಕೂರುತ್ತಿದ್ದ. ನನ್ನ ಹೆಂಡತಿ ಇದನ್ನು ಗಮನಿಸಿ ಆತನಿಗೆಂದೇ ಒಂದು ಕರಿ ಕಂಬಳಿಯನ್ನು ಮಡಿಸಿ ಗೂಟಕ್ಕೆ ಹಾಕಿಟ್ಟಿದ್ದಳು. ಆತ ಬರುವ ದಿನ ಬಾಗಿಲ ಮೂಲೆಯ ಪೊರಕೆಯೂ ಹಿತ್ತಿಲಿಗೆ ಹೋಗುತ್ತಿತ್ತು.

ಮನುಷ್ಯರನ್ನು ಆತ ನಡಿಗೆಯಿಂದ ಅಳೆಯುತ್ತಿದ್ದ. ಅಮಲ್ದಾರರು ಬೀದಿಯಲ್ಲಿ ಹೋದರೆ, ಹಿಂಗಾಲು ಎಳೀತಾರೆ, ಬಿಸಿಲಿಗೆ ಆಗಲ್ಲ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ. ನನ್ನ ಬಗ್ಗೆ ಏನನ್ನುತ್ತೀಯ ಎಂದು ಒಮ್ಮೆ ಕೇಳಿದೆ. "ಮೇಷ್ಟ್ರು ಒಳ್ಳೆ ತಳಿನೇ. ಆದ್ರೆ ಕಟ್ಟಿದ ಗೂಟಾನ ಸುತ್ತಿ ಸುತ್ತಿ ಹಗ್ಗ ಸಣ್ಣ ಮಾಡ್ಕೋತೀರಿ" ಎಂದ. ಇದಕ್ಕಿಂತ ಸರಿಯಾದ ಮಾತನ್ನು ನನ್ನ ಬಗ್ಗೆ ನನ್ನ ಗುರುಗಳೂ ಹೇಳಿಲ್ಲ.

ಇನ್ನೊಂದು ಅಭ್ಯಾಸವಿತ್ತು. ಯಾರಾದರೂ ಯಾವುದನ್ನಾದರೂ ತುಂಬ ಖಚಿತವಾಗಿ ಹೇಳಿದರೆ, ಆತನ ಅಂಗೈ ತಾನಾಗಿ ಎಡ ಪಕ್ಕೆಯ ಕೆಳಗೆ ಹೋಗಿ ಕೂರುತ್ತಿತ್ತು. ಅಲ್ಲಿ ನೋವೇನೂ ಇರಲಿಲ್ಲ. ಆ ಕೈ ಅಲ್ಲಿಗೆ ಹೋಗಲು ಕಲಿತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದರಲ್ಲಿ ಅನುಮಾನವಿಲ್ಲ, ಅಥವಾ ಕಡಿಮೆ ಇದೆ.

ಮಹಾಯುದ್ಧದ ಕಾಲ. ನಾನು ಮೊಳಕಾಲ್ಮೂರಿನ ಶಾಲೆಯಲ್ಲಿದ್ದೆ. ಸೈನ್ಯದವರು ನಮ್ಮ ಸೀಮೆಯ ಎತ್ತುಗಳನ್ನು ಕೊಳ್ಳುತ್ತಿದ್ದರು. ಕಡಲಾಚೆ, ರಸ್ತೆ ಇಲ್ಲದ ಕೆಸರು ನೆಲದಲ್ಲಿ ಫಿರಂಗಿಯ ಗಾಡಿ ಎಳೆಯಲು ಎತ್ತೇ ಬೇಕಂತೆ. ಎತ್ತಿನ ಜತೆಗೆ ಹೊಡೆಯುವ ಆಳುಗಳನ್ನೂ ಸೇರಿಸಿಕೊಳ್ಳುತ್ತಿದ್ದರು. ಪರೀಕ್ಷೆಗೆ ಬಂದ ಡಾಕ್ಟರಿಗೆ ಇಂಗ್ಲಿಷು, ಹಿಂದುಸ್ತಾನಿ ಬಿಟ್ಟು ಬೇರೆ ಬರದು. ನಡುವೆ ಮಾತು ಹೇಳಲಿಕ್ಕೆ ಅಮಲ್ದಾರರು ನನ್ನನ್ನು ಮುಸಾಫರಖಾನೆಗೆ ಕಳಿಸಿದರು.

ಆತನ ದೊಡ್ಡಪ್ಪ ಹಟ್ಟಿಯ ಯಜಮಾನ. ಹಟ್ಟಿಯಲ್ಲಿ ದೇವರ ಎತ್ತುಗಳ ರೊಪ್ಪವೊಂದಿತ್ತು. ಆ ಎತ್ತುಗಳನ್ನು ಮಾರುವಂತಿಲ್ಲ, ಹೂಡುವಂತಿಲ್ಲ. ಅವನ್ನು ಕಾಯುವ ಕಿಲಾರಿಗೆ ವಯಸ್ಸಾಗಿತ್ತು, ಆ ಕೆಲಸ ಮುಂದೆ ಈತನದೇ ಎಂದು ಎಲ್ಲರೂ ಬಲ್ಲರು. ದೊಡ್ಡಪ್ಪ ಮಾರಿದ್ದು ದೇವರವನ್ನಲ್ಲ, ಮನೆಯ ಜೋಡಿಯನ್ನು. ಒಂದರ ಹೆಸರು ಕರಿಯ, ಇನ್ನೊಂದು ಬೂದ. ಎರಡನ್ನೂ ಕರುವಿನಿಂದ ಬೆಳೆಸಿದವನು ಈತ. ಇವನ ಕೈಯಿಂದಲ್ಲದೆ ಅವು ನೀರು ಕುಡಿಯುತ್ತಿರಲಿಲ್ಲವಂತೆ. ಮಾರಿದ ಸುದ್ದಿ ಕೇಳಿ ಆತ ಜಗಳವಾಡಲಿಲ್ಲ. ಹಾಗಾದ್ರೆ ನಾನೂ ಹೋಗ್ತೀನಿ ಎಂದನಷ್ಟೆ. ತಾಯಿ ಸತ್ತ ಮೇಲೆ ಆತನನ್ನು ಸಾಕಿದ್ದು ದೊಡ್ಡವ್ವ. ಆಕೆ ಹಾಕಿದ್ದು ಒಂದೇ ಷರತ್ತು. ಎಲ್ಲಿಗೆ ಹೋದರೂ ಈಚಲು ಮುಟ್ಟಬಾರದು, ಮುಟ್ಟಿದರೆ ರೊಪ್ಪದ ಬಾಗಿಲು ಮರೆಯಬೇಕು.

ಮುಸಾಫರಖಾನೆಯ ಜಗಲಿಯ ಮೇಲೆ ಸಾಲು ನಿಂತಿತ್ತು. ಯುದ್ಧದಿಂದಾಗಿ ವಿಲಾಯತಿ ಜರಿ ಬರುವುದು ನಿಂತು ಮಗ್ಗ ಸುಮ್ಮನಾಗಿದ್ದರಿಂದ ನೇಕಾರರ ಕೇರಿಯ ಕೆಲವರೂ ಬಂದಿದ್ದರು. ಈತನ ಹಿಂದೆ ನಿಂತ ನೇಕಾರನೊಬ್ಬ ಕೆಣಕಿದ: "ಏಮಪ್ಪಾ, ಎದ್ದುಲ ವೆನಕ ಯುದ್ಧಾನಿಕಿ ಪೋತಾವಾ?" ಎತ್ತಿನ ಬಾಲ ಹಿಡಿದು ಯುದ್ಧಕ್ಕೆ ಹೋಗುತ್ತೀಯಾ ಎಂದು. ಈತ ತಿರುಗಿ ನೋಡದೆ, "ಮುಂದೆ ಹೋದೋರು ಯಾರೂ ತಿರುಗಿ ಬಂದಿಲ್ಲ ಕಣಯ್ಯ. ಹಿಂದೆ ಹೋಗೋದೇ ವಾಸಿ" ಎಂದ. ಜಗಲಿಯೆಲ್ಲ ನಕ್ಕಿತು. ನಾನು ಆತನನ್ನು ಮೊದಲು ಗಮನಿಸಿದ್ದು ಆಗ.

ಡಾಕ್ಟರು ಒಳ್ಳೆಯವರೇ, ಆದರೆ ಅವಸರದವರು. ಆತನ ಎದೆ, ಹಲ್ಲು, ಕಣ್ಣು ಎಲ್ಲ ಸರಿಯಿತ್ತು. ಅಂಗಿ ಎತ್ತಿದಾಗ ಎಡ ಪಕ್ಕೆಯ ಕೆಳಗೆ ಹಳೆಯ ಬರೆಗಳು ಕಂಡವು. ಕೂಸಾಗಿದ್ದಾಗ ಜ್ವರ ಬಂತೆಂದು ದೊಡ್ಡವ್ವ ಕಾಸಿದ ಕಬ್ಬಿಣದಿಂದ ಎಳೆದವು. ನಮ್ಮ ಕಡೆ ದನಕ್ಕೂ ಮಕ್ಕಳಿಗೂ ಅದೇ ವೈದ್ಯ. ಆದರೆ ಆ ಜಾಗದ ಬರೆ ಎಂದರೆ ಚಳಿಜ್ವರದಿಂದ ಹೊಟ್ಟೆಯ ಎಡಕ್ಕಿರುವ ಗುಲ್ಮ ಊದಿದವನು ಎಂದು ಡಾಕ್ಟರು ಎಷ್ಟೋ ಊರುಗಳಲ್ಲಿ ನೋಡಿದ್ದರು. ಕೈಯಿಟ್ಟು ಒತ್ತಿದರು. ಈತನಿಗೆ ವಿಪರೀತ ಕಚಗುಳಿ. ಬೆರಳು ತಾಗಿದ್ದೇ ತಡ ಉಸಿರು ಹಿಡಿದು ಹೊಟ್ಟೆಯನ್ನು ಹಲಗೆಯ ಹಾಗೆ ಬಿಗಿದ. ಡಾಕ್ಟರು ತಲೆಯಾಡಿಸಿದರು. ಗುಲ್ಮ ಊದಿದೆ, ಸೈನ್ಯಕ್ಕೆ ಆಗುವುದಿಲ್ಲ ಎಂದು ನಾನು ಕನ್ನಡದಲ್ಲಿ ಹೇಳಿದೆ.

ಆತ ಅಂಗಿ ಇಳಿಸಿಕೊಂಡ. ನನ್ನನ್ನು ಕೇಳಿದ್ದು ಗುಲ್ಮದ ಮಾತನ್ನಲ್ಲ.

"ಎತ್ತಿಗೆ ಏನ್ ಹೇಳ್ಲಿ ಸ್ವಾಮಿ?"

ನಾನಿದನ್ನು ಇಂಗ್ಲಿಷಿಗೆ ಹೇಳಲಿಲ್ಲ. ಹೇಳುವುದು ಹೇಗೆಂದು ತಿಳಿಯಲಿಲ್ಲ.

ಆ ನಡುವೆ ನನ್ನನ್ನು ಚಳ್ಳಕೆರೆಗೆ ವರ್ಗ ಮಾಡಿದರು. ಎತ್ತುಗಳನ್ನು ಒಪ್ಪಿಸುವ ದಿನ ಇನ್ನೂ ಬಂದಿರಲಿಲ್ಲ. ಅದೇ ಡಾಕ್ಟರು ಚಳ್ಳಕೆರೆಗೂ ಬಂದರು, ಅದೇ ಕೆಲಸ ನನ್ನ ಕೊರಳಿಗೆ ಬಿತ್ತು. ಸಾಲಿನಲ್ಲಿ ಈತ ಮತ್ತೆ ನಿಂತಿದ್ದ, ಈ ಸಲ ಮದುವೆ ಗಂಡಿನ ಕಳೆಯಲ್ಲಿ. ಸರದಿ ಬಂದಾಗ ಯಾರೂ ಕೇಳದೆ ಅಂಗಿ ಎತ್ತಿದ. ಹಳೆಯ ಬರೆಗಳ ಮೇಲೆ ಹೊಸ ಬರೆಗಳು, ಹಸಿ ಗಾಯ, ಅರಿಸಿನದ ಲೇಪ.

"ದೊಡ್ಡವ್ವ ಸುಟ್ಟು ಕೊಟ್ಟಾಳೆ. ಈಗ ಗುಲ್ಮ ಇದ್ರೆ ಹೇಳ್ರಿ ನೋಡಾಣ" ಎಂದ.

ನನಗೆ ನಗು ಬಂತು. ಆತನ ಲೆಕ್ಕ ಸರಿಯೇ. ಡಾಕ್ಟರು ರೋಗ ಹೇಳಿದರು, ಹಟ್ಟಿಯಲ್ಲಿ ಆ ರೋಗಕ್ಕೆ ಮದ್ದು ಗೊತ್ತಿತ್ತು, ಮಾಡಿಸಿಕೊಂಡು ಬಂದ. ಡಾಕ್ಟರು ಗಾಯ ತಪ್ಪಿಸಿ ಪಕ್ಕದಿಂದ ಮೆಲ್ಲಗೆ ಒತ್ತಿದರು. ಉರಿಯ ಮುಂದೆ ಕಚಗುಳಿ ಎಲ್ಲಿಯದು, ಹೊಟ್ಟೆ ಮೆತ್ತಗಿತ್ತು. ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಗುಲ್ಮ ಊದಿಲ್ಲ, ಮೊದಲೂ ಊದಿರಲಿಲ್ಲವೆಂದು ಕಾಣುತ್ತದೆ, ಆದರೆ ಈ ಹಸಿ ಗಾಯ ಇಟ್ಟುಕೊಂಡು ಹಡಗು ಹತ್ತಿಸಲು ಆಗದು ಎಂದರು. 'ಕಾಣುತ್ತದೆ' ಎಂದರೋ, 'ಖಂಡಿತ' ಎಂದರೋ ಈಗ ನೆನಪಾಗದು. ನಾನು ಹೇಳಿದ್ದು ಮಾತ್ರ ನೆನಪಿದೆ.

"ಇರಲೇ ಇಲ್ಲವಂತಪ್ಪ."

"ಏನು ಇದ್ದಿಲ್ಲ?"

"ಗುಲ್ಮ."

ಆಗಲೇ ಆತನ ಅಂಗೈ ಎಡ ಪಕ್ಕೆಯ ಕೆಳಗೆ ಹೋದದ್ದು. ಗಾಯಕ್ಕೆ ತಾಗಿಸದೆ ಅದರ ಮೇಲೆ ಗಾಳಿಯಲ್ಲಿ ಹಿಡಿದುಕೊಂಡಿದ್ದ. ಬಯ್ಯುವನೋ ಅಳುವನೋ ಎಂದು ಕಾದೆ. ಎರಡೂ ಮಾಡದೆ ಹೊರಟುಹೋದ.

ಎತ್ತುಗಳನ್ನು ಒಪ್ಪಿಸುವ ದಿನ ಬಂತು. ರೈಲು ಹತ್ತಿಸಲು ಅವನ್ನು ಮೊಳಕಾಲ್ಮೂರಿನ ಮೇಲೆ ರಾಯದುರ್ಗಕ್ಕೆ ನಡೆಸಬೇಕು. ಸ್ಟೇಷನ್ನಿನವರೆಗೆ ಬಿಟ್ಟು ಬರುತ್ತೇನೆಂದು ಈತ ಜೊತೆಗೆ ಹೋದ. ಅಲ್ಲಿ ಬೇರೆ ಎತ್ತುಗಳೆಲ್ಲ ಹತ್ತಿದವು, ಕರಿಯ ಮತ್ತು ಬೂದ ಹತ್ತಲಿಲ್ಲ. ಹೊಸ ಆಳುಗಳು ಬಾಲ ತಿರುಚಿದರು, ಕಣ್ಣಿಗೆ ಬಟ್ಟೆ ಕಟ್ಟಿದರು. ಬೂದ ಹಲಗೆಗೆ ಕಾಲಿಟ್ಟು ಹಿಂದಕ್ಕೆ ಜಗ್ಗಿ ಒಬ್ಬನನ್ನು ಕೆಡವಿತು. ರೈಲು ಕೂಗುತ್ತಿತ್ತು. ಆಗ ಈತ ಯಾರನ್ನೂ ಕೇಳದೆ ಹಲಗೆ ಹತ್ತಿ ಡಬ್ಬಿಯೊಳಗೆ ಹೋಗಿ ಕತ್ತಲಲ್ಲಿ ನಿಂತ. ಕರೆಯಲೂ ಇಲ್ಲವಂತೆ, ಸುಮ್ಮನೆ ಕೆಮ್ಮಿದನಂತೆ. ಎರಡೂ ಒಂದರ ಹಿಂದೊಂದು ಹತ್ತಿದವು. ಈತ ಇಳಿದರೆ ಅವೂ ಇಳಿದವು. ಮತ್ತೆ ಹತ್ತಿದ, ಮತ್ತೆ ಹತ್ತಿದವು.

ದನದ ಡಾಕ್ಟರು ಬಿಳಿಯ ದೊರೆ. ಎತ್ತುಗಳ ಗೊರಸು, ಹಲ್ಲು ನೋಡಿ ಪಾಸು ಮಾಡಿದವರು ಅವರೇ. ಈತನ ಹೊಟ್ಟೆ ನೋಡಲಿಲ್ಲ, ಹೆಸರು ಕೇಳಲಿಲ್ಲ. ಟೋಪಿ ತೆಗೆದು ಬೆವರು ಒರೆಸಿಕೊಂಡು, "ಇಸ್ಕೋ ಭೀ ಚಢಾ ದೋ" ಎಂದರು. ಇದನ್ನೂ ಹತ್ತಿಸಿ. ಮನುಷ್ಯರ ಡಾಕ್ಟರು ಎರಡು ಸಲ ಬೇಡವೆಂದವನನ್ನು ದನದ ಡಾಕ್ಟರು ಒಂದು ಮಾತಿನಲ್ಲಿ ಪಾಸು ಮಾಡಿದರು. ಈತ ಅದನ್ನು ಹೇಳಿ ನಗುತ್ತಿದ್ದ ರೀತಿ ನೋಡಿದರೆ, ಜೀವನದಲ್ಲಿ ಆತನಿಗೆ ಸಿಕ್ಕ ದೊಡ್ಡ ಮರ್ಯಾದೆ ಅದೇ ಎನ್ನಿಸುತ್ತಿತ್ತು.

ಆಮೇಲೆ ಬಹಳ ಕಾಲ ಸುದ್ದಿಯಿಲ್ಲ. ದೊಡ್ಡವ್ವ ಸಂತೆಯ ದಿನ ನಮ್ಮ ಮನೆಯ ಮುಂದೆ ಬಂದು ನಿಲ್ಲುತ್ತಿದ್ದಳು. ಮಗನ ಬಗ್ಗೆ ಕೇಳುತ್ತಿರಲಿಲ್ಲ, ಕೇಳಿದರೆ ಅಪಶಕುನ ಎಂದೋ ಏನೋ.

"ಪೇಪರ್‌ನಾಗೆ ಎತ್ತಿನ ಸುದ್ದಿ ಐತೇನಪ್ಪ?"

ಇಲ್ಲ ಎನ್ನುತ್ತಿದ್ದೆ. ಪತ್ರಿಕೆಯಲ್ಲಿ ಸೇನಾಪತಿಗಳಿದ್ದರು, ಕೋಟೆಗಳಿದ್ದವು. ಎತ್ತು ಒಂದೂ ಇರಲಿಲ್ಲ. "ಇಲ್ಲ ಅಂದ್ರೆ ಚೆನ್ನಾಗವೆ ಬಿಡು" ಎಂದು ಆಕೆಯೇ ಸಮಾಧಾನ ಹೇಳಿ ಹೋಗುತ್ತಿದ್ದಳು. ಆಕೆ ಹೋದ ಮೇಲೆ ನನ್ನ ಹೆಂಡತಿ ಗೂಟದ ಮೇಲಿನ ಕಂಬಳಿ ತೆಗೆದು ಕೊಡವಿ ಮತ್ತೆ ಹಾಕುತ್ತಿದ್ದಳು. ಎಂದಿನಿಂದ ಆ ಕಂಬಳಿ ನಮ್ಮಲ್ಲಿತ್ತು? ಆತ ಹೊರಡುವ ಮೊದಲು ನಮ್ಮ ಮನೆಗೆ ಅಷ್ಟು ಬಾರಿ ಬಂದಿದ್ದನೇ? ಹೆಂಡತಿ ಹೌದೆನ್ನುತ್ತಾಳೆ. ಎರಡನೆಯ ಸಲ ಬೇಡವೆನ್ನಿಸಿಕೊಂಡ ಮೇಲೆ, ಗಾಯ ಒಣಗುವವರೆಗೆ ಬರುತ್ತಲೇ ಇದ್ದನಂತೆ, ಡಾಕ್ಟರು ಮತ್ತೆ ಯಾವಾಗ ಬರುತ್ತಾರೆಂದು ಕೇಳಲು. ಇರಬಹುದು.

ಯುದ್ಧ ಮುಗಿದು ಕೆಲವು ಕಾಲದ ಮೇಲೆ ಒಂದು ಬೆಳಗ್ಗೆ ಬಾಗಿಲಲ್ಲಿ ಕರ್ರಗೆ ಒಣಗಿದ ಮನುಷ್ಯನೊಬ್ಬ ನಿಂತಿದ್ದ. ಗಡ್ಡ ಬಂದಿತ್ತು, ಖಾಕಿಯ ಹಳೆಯ ಕೋಟು. ನನಗೆ ಗುರುತು ಸಿಗಲಿಲ್ಲ. ಒಳಗೆ ಬಂದವನು ಕೋಲಿನ ತುದಿಯಿಂದ ಚಾಪೆಯ ಮೂಲೆ ಎತ್ತಿ ನೋಡಿದ. ನನ್ನ ಹೆಂಡತಿ ಒಂದು ಮಾತೂ ಆಡದೆ ಹೋಗಿ ಕಂಬಳಿ ತಂದು ಹಾಸಿದಳು. ಆ ಬೆಳಗಿನ ಹಗುರವನ್ನು ನಾನು ಮರೆತಿಲ್ಲ. ಅದನ್ನು ಮರೆಯುವುದು ಅಥವಾ ಕಲ್ಪಿಸಿಕೊಳ್ಳುವುದು ಎರಡೂ ನನ್ನಿಂದಾಗದು.

ಎತ್ತುಗಳೆಲ್ಲಿ ಎಂದು ಕೇಳಲು ನಾನು ಹಿಂಜರಿದೆ. ಆತನೇ ಹೇಳಿದ. ಸೈನ್ಯದ ದನ ತಿರುಗಿ ಬರುವುದಿಲ್ಲ, ಅಲ್ಲಿಯೇ ಹರಾಜು ಹಾಕಿದರು. "ಹೊಳೆ ದಂಡೆ ರೈತ ಒಬ್ಬ ತಗೊಂಡ. ಜೋಡಿ ಒಡೀಲಿಲ್ಲ ಮೇಷ್ಟ್ರೆ" ಎಂದ. ಇದೊಂದು ಮಾತನ್ನು ಆ ದಿನ ಎಷ್ಟು ಸಲ ಹೇಳಿದನೋ. ಜೋಡಿ ಒಡೆಯಲಿಲ್ಲ.

ಆತ ಹೋಗಿದ್ದು ಬಸ್ರಾ ಕಡೆಗೆ. ಅಲ್ಲಿಯ ಹೊಳೆ ದಿನದಲ್ಲಿ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ ಎಂದ. ಸಮುದ್ರದ ಉಬ್ಬರ ಇಳಿತ ಅಲ್ಲಿಯವರೆಗೆ ಬರುತ್ತದೆಂದು ಓದಿದ್ದೆ, ನಂಬಿದೆ. ಹೊಳೆಯ ಎರಡೂ ದಂಡೆಗೆ ಕಣ್ಣು ಹೋದಷ್ಟು ದೂರ ಖರ್ಜೂರದ ತೋಟ. ಚಾಪೆ, ಬುಟ್ಟಿ, ಹಗ್ಗ, ಪೊರಕೆ, ಗುಡಿಸಲ ಮಾಡು, ಎಲ್ಲವೂ ಅದರದೇ. ಆತ ಮೊದಲ ದಿನ ಹಡಗಿನಿಂದ ಇಳಿದು ಆ ಮರಗಳನ್ನು ನೋಡಿ, ನಮ್ಮ ಈಚಲೇ ಇಲ್ಲಿಗೆ ಬಂದು ದಪ್ಪ ಆಗೈತೆ ಅಂದುಕೊಂಡನಂತೆ. ಯಾವುದನ್ನೂ ಮುಟ್ಟಲಿಲ್ಲವಂತೆ. ಎತ್ತುಗಳಿಗೆ ಹೊದಿಸುವ ಗೋಣಿಯ ಮೇಲೆ, ಅವುಗಳ ನಡುವೆಯೇ ಮಲಗುತ್ತಿದ್ದನಂತೆ. ರೇಷನ್ನಿನಲ್ಲಿ ಖರ್ಜೂರ ಕೊಡುತ್ತಿದ್ದರು. ತಗಡಿನ ಡಬ್ಬಿಯಲ್ಲಿ ಹಾಕಿಸಿಕೊಂಡು, ಕೈ ತಾಗಿಸದೆ ಹಾಗೆಯೇ ಎತ್ತುಗಳ ಮುಂದೆ ಕವುಚುತ್ತಿದ್ದ. ಅವು ತಿಂದು, ಆಮೇಲೆ ಮೆಲುಕು ಹಾಕುವಾಗ ಬೀಜಗಳನ್ನು ಒಂದೊಂದಾಗಿ ನೆಲಕ್ಕೆ ಬಿಡುತ್ತಿದ್ದವಂತೆ, ತೊಳೆದಿಟ್ಟ ಹಾಗೆ.

ಇಲ್ಲಿ ನನಗೆ ಅನುಮಾನ ಹತ್ತಿತು. ಎತ್ತು ಖರ್ಜೂರ ತಿನ್ನುತ್ತದೆಯೇ? ಒಂದು ಸಲ ನುಂಗಿದ ಬೀಜವನ್ನು ಆರಿಸಿ ಉಗುಳುತ್ತದೆಯೇ? ಹಸಿದ ಮನುಷ್ಯ ತನ್ನ ರೇಷನ್ನನ್ನು ದಿನದಿನವೂ ಎತ್ತಿಗೆ ಕವುಚುತ್ತಾನೆಯೇ? ಚೆನ್ನಾಗಿ ಕಟ್ಟಿದ ಕತೆ ಎನ್ನಿಸಿತು. ಕಟ್ಟಿದ್ದರೂ ತಪ್ಪೇನು, ಬದುಕಿ ಬಂದನಲ್ಲ ಎಂದೂ ಅನ್ನಿಸಿತು.

ಹಟ್ಟಿಗೆ ನನ್ನನ್ನೂ ಕರೆದುಕೊಂಡು ಹೋದ. ಒಬ್ಬನೇ ಹೋಗಲು ಆತನಿಗೆ ಅಳುಕಿತ್ತು, ಅದಕ್ಕೆ ಕಾರಣವೂ ಇತ್ತು. ಈತನಿಗಿಂತ ಮೊದಲೇ ಬಸ್ರಾದಿಂದ ಬಂದಿದ್ದ ಗಾಡಿಯವನೊಬ್ಬ, ಅಲ್ಲಿ ಈಚಲು ಮುಟ್ಟದೆ ಒಂದು ಹೆಜ್ಜೆ ಇಡಲಾಗದು ಎಂದು ಸಂತೆಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ. ಆ ಮಾತು ಹಟ್ಟಿಗೆ ಮುಟ್ಟಿತ್ತು.

ದೊಡ್ಡವ್ವ ಬಂದು ಮುಖ ತಡವಿದಳು, ಎಲ್ಲರೂ ಅತ್ತರು, ನಕ್ಕರು. ಆದರೆ ರೊಪ್ಪದ ಕಡೆಗೆ ಆತ ತಿರುಗಿದಾಗ ದೊಡ್ಡಪ್ಪ, ತಡಿ ಎಂದ. ಹಿರಿಯರು ಕ್ರೂರಿಗಳಲ್ಲ. ಅವರು ದಾರಿಯನ್ನೂ ಸಿದ್ಧಮಾಡಿ ಇಟ್ಟಿದ್ದರು. ಕಟ್ಟೆಯ ಪಕ್ಕದಲ್ಲಿ ಬೆಂಕಿ, ಬೆಂಕಿಯ ಮೇಲೆ ಓಡಿನ ಚೂರು, ಅದರಲ್ಲಿ ಕಾಯುತ್ತಿದ್ದ ಚಿನ್ನದ ತುಣುಕು. ಕಾದ ಚಿನ್ನವನ್ನು ನಾಲಿಗೆಗೆ ಒಂದು ಸಲ ಮುಟ್ಟಿಸಿದರೆ ಆದ ತಪ್ಪೆಲ್ಲ ಹೋಯಿತು, ರೊಪ್ಪಕ್ಕೆ ಹೋಗಬಹುದು, ಕಿಲಾರಿ ಆಗಬಹುದು. ಎಲ್ಲರಿಗೂ ಅದೇ ಬೇಕಿತ್ತು. ಹಳೆಯ ಕಿಲಾರಿ ಆ ಬೇಸಗೆಯಲ್ಲಿ ಸತ್ತಿದ್ದ, ಎತ್ತುಗಳು ಸರದಿಯ ಮೇಲೆ ಯಾರ್ಯಾರದೋ ಕೈಯಲ್ಲಿದ್ದವು.

ಈತ ಬೆಂಕಿಯನ್ನು ನೋಡಿದ. ಅಂಗೈ ಪಕ್ಕೆಗೆ ಹೋಯಿತು.

"ನಾ ಮುಟ್ಟಿಲ್ಲ ದೊಡ್ಡಪ್ಪ."

"ಯಾರು ಮುಟ್ಟಿದೆ ಅಂದ್ರು? ಗೊತ್ತಿಲ್ದಂಗೆ ತಾಗಿರ್ತೈತೆ. ಒಂದು ಗಳಿಗೆ ಉರಿ, ಮುಗೀತು."

"ತಗಳಪ್ಪ, ನನ್ನಪ್ಪ ಅಲ್ವಾ" ಎಂದು ದೊಡ್ಡವ್ವ ಗಲ್ಲ ಹಿಡಿದಳು.

ಆತ ಆಕೆಯ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡ. ಆಮೇಲೆ ಯಾರನ್ನೂ ನೋಯಿಸದ ದನಿಯಲ್ಲಿ ಹೇಳಿದ: "ಇಲ್ದಿರೋ ಗುಲ್ಮಕ್ಕೆ ಒಂದ್ಸಲ ಬರೆ ಹಾಕಿಸ್ಕೊಂಡೆ ದೊಡ್ಡವ್ವ. ಇಲ್ದಿರೋ ತಪ್ಪಿಗೆ ಇನ್ನೊಂದು ಹಾಕಿಸ್ಕೊಳಲ್ಲ."

ರೊಪ್ಪದೊಳಗಿಂದ ಗಂಟೆಯ ಸದ್ದು ಬರುತ್ತಿತ್ತು. ಹೂಂ ಎಂದರೆ ಎಲ್ಲವೂ ಸಿಗುತ್ತಿತ್ತು, ಆದರೆ ಹೂಂ ಎಂದರೆ ಆತ ಅಲ್ಲಿ ಕಳೆದ ಅಷ್ಟೂ ದಿನ ಸುಳ್ಳಾಗುತ್ತಿತ್ತು. ಊಹೂಂ ಎಂದರೆ ಆ ಬಾಗಿಲಾಚೆಗೆ ಇನ್ನು ಹೆಜ್ಜೆಯಿಲ್ಲ. ದೊಡ್ಡಪ್ಪ ನನ್ನ ಕಡೆ ತಿರುಗಿ, ಓದಿದೋರು ಹೇಳಿ, ಖರ್ಜೂರ, ಈಚಲು ಒಂದೇನಾ ಎಂದು ಕೇಳಿದ. ಕುಲ ಒಂದು, ಮರ ಬೇರೆ ಎಂದೆ. ಗೊತ್ತಿದ್ದದ್ದು ಅಷ್ಟೇ. "ಹಂಗಾದ್ರೆ ಅಣ್ತಮ್ಮಂದಿರು" ಎಂದು ದೊಡ್ಡಪ್ಪ ತಲೆ ಬಗ್ಗಿಸಿದ. ವಿದ್ಯೆಯಿಂದ ಯಾರಿಗೂ ಅನುಕೂಲವಾಗಲಿಲ್ಲ.

"ಅಲ್ಲಿ ತಿನ್ನಾಕೆ ಏನ್ ಕೊಡ್ತಿದ್ರು?" ಎಂದು ಈತನನ್ನು ಕೇಳಿದ.

ಈತ ಹೇಳಿದ. ರೊಟ್ಟಿ, ಬೇಳೆ, ಖರ್ಜೂರ. ಡಬ್ಬಿ ಕವುಚಿದ್ದು, ಎತ್ತು ತಿಂದದ್ದು, ಬೀಜ ಬಿಟ್ಟದ್ದು. ಹಿರಿಯರಲ್ಲೊಬ್ಬ ನಂಬದೆ ಗಂಟಲಲ್ಲೇ ನಕ್ಕ. ದೊಡ್ಡಪ್ಪ ನಗಲಿಲ್ಲ.

"ಬೂದ ಯಾವ ಕಡೆಯಿಂದ ಬಿಡ್ತಿತ್ತು?"

"ಎಡಗಡೆಯಿಂದ. ಬಲದ ದವಡೆ ಹಲ್ಲು ಮುರಿದಿತ್ತಲ್ಲ, ಆ ಕಡೆ ಅಗೀತಾನೇ ಇದ್ದಿಲ್ಲ. ಕರಿಯ ಸುಮಾರು ನುಂಗಿಬಿಡೋದು, ಅದಕ್ಕೆ ತಾಳ್ಮೆ ಎಲ್ಲೈತೆ. ಬೂದ ಮಾತ್ರ ಒಂದೊಂದೇ, ಮಂತ್ರ ಹೇಳ್ದಂಗೆ."

ದೊಡ್ಡಪ್ಪನ ಮುಖ ನೋಡಲಾಗಲಿಲ್ಲ. ಆ ಜೋಡಿಯನ್ನು ಮಾರಿದವನು ಅವನೇ. ಮೇಲೆದ್ದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡ. ಕಟ್ಟೆ ಇಳಿಯುತ್ತ, ಯಾರ ಕಡೆಗೂ ನೋಡದೆ ಹೇಳಿದ.

"ಬೆಂಕಿ ಆರಿಸ್ರಲೇ."

ದೊಡ್ಡವ್ವ ಬಿಂದಿಗೆಯ ನೀರನ್ನೆಲ್ಲ ಒಂದೇ ಸಲ ಸುರಿದಳು. ಹೊಗೆಗೆ ಎಲ್ಲರೂ ಕಣ್ಣು ಒರೆಸಿಕೊಂಡರು, ಒರೆಸಿಕೊಳ್ಳಲು ಅದೊಂದು ನೆಪ ಸಿಕ್ಕಿತು. ಹೊಗೆ ತಿಳಿಯಾಗುವ ಹೊತ್ತಿಗೆ ಈತ ಕಟ್ಟೆಯ ಮೇಲೆ ಇರಲಿಲ್ಲ. ರೊಪ್ಪದ ಬಾಗಿಲ ಮುಂದೆ ಚಪ್ಪಲಿಗಳಿದ್ದವು.

ಆಮೇಲೆ ಆತ ಕಿಲಾರಿಯಾದ, ಸಾಯುವವರೆಗೆ ಕಿಲಾರಿಯಾಗಿಯೇ ಇದ್ದ. ಯುದ್ಧಕ್ಕೆ ಹೋದವನೆಂದು ಹೆಮ್ಮೆಪಟ್ಟದ್ದು ಕಾಣೆ. ನೀನು ಸಿಪಾಯಿಯಾಗಿದ್ದೆಯಂತೆ ಎಂದು ನನ್ನ ಶಾಲೆಯ ಹುಡುಗರು ಕೇಳಿದರೆ, "ಸಿಪಾಯಿ ಆಗಿದ್ದು ಎತ್ತು. ನಾನು ಅದರ ಜತೆಗಿದ್ದೆ" ಎನ್ನುತ್ತಿದ್ದ. ವರ್ಷಕ್ಕೊಮ್ಮೆಯಾದರೂ ನಮ್ಮ ಮನೆಗೆ ಬಂದು ಕಂಬಳಿಯ ಮೇಲೆ ಕೂತು ಒಂದು ಲೋಟ ಮಜ್ಜಿಗೆ ಕುಡಿದು ಹೋಗುತ್ತಿದ್ದ. ರಾಯದುರ್ಗದ ಕತೆಯನ್ನು ನನ್ನ ಹೆಂಡತಿ ಕೇಳಿ ಕೇಳಿ ಹೇಳಿಸುತ್ತಿದ್ದಳು. ಪ್ರತಿ ಸಲವೂ ದೊರೆಯ ಟೋಪಿ ಸ್ವಲ್ಪ ಹೆಚ್ಚು ಒದ್ದೆಯಾಗುತ್ತಿತ್ತು.

ನನ್ನ ಅನುಮಾನ ಮಾತ್ರ ಉಳಿದುಕೊಂಡಿತ್ತು. ಹಟ್ಟಿಯಲ್ಲಿ ರುಜುವಾತಾದದ್ದು ಏನು? ಆತ ಬೂದನ ಹಲ್ಲನ್ನು ಬಲ್ಲ ಎಂಬುದಷ್ಟೆ. ಹಲ್ಲು ಬಲ್ಲವನು ಬೀಜದ ಕತೆಯನ್ನು ಕಟ್ಟಲಾರನೇ? ದೊಡ್ಡಪ್ಪ ಒಪ್ಪಿದ್ದು ಸಾಕ್ಷಿಗೋ, ಮಾರಿದ ಎತ್ತಿನ ನೆನಪಿಗೋ? ಇದನ್ನು ಆತನ ಮುಂದೆ ಕೇಳಲು ನನಗೆ ಬಾಯಿ ಬರಲಿಲ್ಲ. ಆತನಿಗೆ ನನ್ನ ಅನುಮಾನ ಗೊತ್ತಿತ್ತೆಂದು ತೋರುತ್ತದೆ. ಒಮ್ಮೆ ಮಜ್ಜಿಗೆ ಕುಡಿದು ಲೋಟ ಇಡುತ್ತ, "ಮೇಷ್ಟ್ರೆ, ನೀವು ಇನ್ನೂ ಗೂಟ ಸುತ್ತುತಾ ಇದೀರಿ" ಎಂದು ನಕ್ಕಿದ್ದ.

ಸಾವಿನ ಸುದ್ದಿ ಬಂದ ವಾರವೇ ನಾನು ಸಂತೆಗೆ ಹೋಗಿ ಸಾಬರ ಅಂಗಡಿಯಲ್ಲಿ ಖರ್ಜೂರ ಕೊಂಡೆ. ಅಲ್ಲಿಂದ ನೇರ ಎಣ್ಣೆಗಾಣದ ಮನೆಗೆ ಹೋದೆ. ಮಧ್ಯಾಹ್ನಕ್ಕೆ ಗಾಣ ನಿಲ್ಲಿಸಿ ಎತ್ತನ್ನು ಹೊಂಗೆಯ ನೆರಳಿಗೆ ಕಟ್ಟಿದ್ದರು. ಗಾಣದ ಮನೆಯಾಕೆ ಸೊಂಟದ ಮೇಲೆ ಕೈಯಿಟ್ಟು ನೋಡಿ, "ಮನೆ ಮಕ್ಕಳಿಗೆ ತಿನ್ನಿಸ್ರಿ ಮೇಷ್ಟ್ರೆ, ಪುಣ್ಯ ಬರ್ತೈತೆ. ನಮ್ಮ ಎತ್ತಿಗೆ ರುಚಿ ಹತ್ತಿಸಿದ್ರೆ ನಾಳೆ ಯಾರು ತರ್ತಾರೆ?" ಎಂದಳು. ಆದರೂ ತಡೆಯಲಿಲ್ಲ.

ನಾನು ಪೊಟ್ಟಣವನ್ನು ಎತ್ತಿನ ಮುಂದೆ ಕವುಚಿದೆ, ಕೈ ತಾಗಿಸದೆ. ಮೂಸಿತು, ಹಿಂದೆ ಸರಿಯಿತು. ಸರಿ, ಸುಳ್ಳೇ ಎಂದುಕೊಂಡೆ. ಅಷ್ಟರಲ್ಲಿ ನಾಲಿಗೆ ಚಾಚಿ ಒಂದನ್ನು ಎಳೆದುಕೊಂಡಿತು, ಆಮೇಲೆ ಎಲ್ಲವನ್ನೂ. ಅಗಿದದ್ದು ಕಾಣಲಿಲ್ಲ, ನುಂಗಿತು. ಕಾಲು ಮಡಿಸಿ ಮಲಗಿತು. ನಾನು ಅದರೆದುರು ಕಲ್ಲಿನ ಮೇಲೆ ಕೂತೆ. ಗಾಣದ ಮನೆಯಾಕೆ ಎರಡು ಸಲ ಬಂದು ನನ್ನನ್ನು ನೋಡಿ ಹೋದಳು. ನೆರಳು ನನ್ನ ಮೇಲಿಂದ ಜರುಗಿ ಬಿಸಿಲು ಬಂತು. ಎತ್ತಿನ ಕೊರಳಲ್ಲಿ ಒಂದು ಉಂಡೆ ಮೇಲೆ ಬಂದದ್ದು ಕಂಡಿತು, ದವಡೆ ಆಡತೊಡಗಿತು.

ಎತ್ತು ಖರ್ಜೂರ ತಿನ್ನುತ್ತದೆ. ಮೆಲುಕು ಹಾಕುವಾಗ ಬೀಜವನ್ನು ತುಟಿಯ ಪಕ್ಕದಿಂದ ನೆಲಕ್ಕೆ ಬಿಡುತ್ತದೆ, ಒಂದೊಂದಾಗಿ, ತೊಳೆದಿಟ್ಟ ಹಾಗೆ. ಇದನ್ನು ನಾನೇ ನೋಡಿದೆ.